ಮಣ್ಣೊಲ್ಲದ ಬೇರು

ನಾಲ್ಕು ವರ್ಷಗಳ ಹಿಂದಿನ ಮಾತು. ಜ್ಯೇಷ್ಠ ಮಾಸದ ಗಾಳಿಮಳೆಗೆ ಮಲೆನಾಡಿನ ನಮ್ಮ ಹಳೆಯ ಮನೆಯ ಹಿತ್ತಲಿನ ಹಲಸಿನ ಮರ ಬುಡಸಹಿತ ಉರುಳಿಬಿದ್ದಿತು. ಅಜ್ಜನ ಕಾಲದ ಮರ. ಅದರ ಹಣ್ಣನ್ನುಂಡವರು ಊರಿನಲ್ಲಿ ಬಹುಮಂದಿ. ಆದರೆ ನಮ್ಮ ತಾಯಿಗೆ ಆ ಮರ ಬೇಕಾಗಿದ್ದುದು ಹಣ್ಣಿಗಾಗಿ ಅಲ್ಲ. ಅದರ ಕವಲುಗಳಲ್ಲಿ ನೆಲೆನಿಂತಿದ್ದ ಸೀತಾಳೆ ದಂಡೆಗಾಗಿ. ಮಳೆಗಾಲ ಕಾಲಿಡುವ ಹೊತ್ತಿಗೆ ಆ ಕವಲುಗಳಿಂದ ಗೇಣುದ್ದದ ಹೂಗೊಂಚಲುಗಳು ಜೋತುಬೀಳುತ್ತಿದ್ದವು: ಬಿಳಿಯ ಎಸಳು, ಅದರ ಮೇಲೆ ನಸುನೇರಳೆಯ ಚುಕ್ಕೆ. ದಾರ ಬೇಡ, ಕಟ್ಟುವ ಶ್ರಮ ಬೇಡ. ಗಿಡವೇ ಹೆಣೆದುಕೊಟ್ಟ ದಂಡೆ. ವನವಾಸದಲ್ಲಿ ಸೀತೆ ಮುಡಿದದ್ದು ಈ ಹೂವನ್ನೇ ಎಂದು ತಾಯಿ ಹೇಳುತ್ತಿದ್ದರು. ಅವರು ತೀರಿಕೊಂಡ ವರ್ಷವೇ ಮರವೂ ಬಿದ್ದಿತು.

ಮರವನ್ನು ಕೊಯ್ದು ಸಾಗಿಸುವ ಮುನ್ನ ನನ್ನ ಸೋದರತ್ತೆ ಒಂದು ಕವಲಿನಿಂದ ಎರಡು ಗಿಡಗಳನ್ನು ಬಿಡಿಸಿ, ಗೋಣಿಯ ತುಂಡಿನಲ್ಲಿ ಸುತ್ತಿ, ಬೆಂಗಳೂರಿಗೆ ಹೊರಟಿದ್ದ ನನ್ನ ಕೈಗಿತ್ತರು. ಒಂದು ದೊಡ್ಡದು, ದಪ್ಪ ಬೇರುಗಳ ಜಡೆ ಹೊತ್ತದ್ದು. ಇನ್ನೊಂದು ಮೂರೆಲೆಯ ಮರಿ. ಹಲಸಿನ ತೊಗಟೆಯ ಒಂದು ಚೂರನ್ನು ಕಚ್ಚಿಕೊಂಡೇ ಬಂದಿದ್ದಿತು. ದೊಡ್ಡದಕ್ಕೆ ನಾನು ಮಾಡಿದ ಉಪಚಾರವನ್ನು ಏನೆಂದು ಹೇಳಲಿ? ಹೊಸ ಕುಂಡ ತಂದೆ. ಜರಡಿ ಹಿಡಿದ ಕೆಮ್ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಎಲೆಗೊಬ್ಬರ, ಹಿಡಿ ಬೇವಿನ ಹಿಂಡಿ ಎಲ್ಲವನ್ನೂ ಕಲಸಿ, ಬೇರು ಕಾಣದಂತೆ ಮುಚ್ಚಿ, ಬೆಳಗೂ ಬೈಗೂ ನೀರೆರೆದೆ. ಮರಿಯನ್ನು ಆಮೇಲೆ ನೋಡೋಣವೆಂದು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿ ಮರೆತೆ.

ಎರಡು ತಿಂಗಳಲ್ಲಿ ದೊಡ್ಡ ಗಿಡದ ಎಲೆ ಹಳದಿಯಾಯಿತು, ಕಾಂಡ ಮೆತ್ತಗಾಯಿತು. ಕಿತ್ತು ನೋಡಿದರೆ ಬೇರುಗಳೆಲ್ಲ ಕಂದಿ, ಹಿಚುಕಿದರೆ ನೀರು ಜಿನುಗಿ, ನಡುವಿನ ಎಳೆಯೊಂದೇ ಉಳಿದಿದ್ದಿತು. ಕಿಟಕಿಯಲ್ಲಿ ಮರೆತ ಮರಿಯ ಕಡೆಗೆ ಆಗ ಕಣ್ಣು ಹೋಯಿತು. ಮಳೆಯಲ್ಲಿ ನೆನೆದು, ಗಾಳಿಯಲ್ಲಿ ಒಣಗಿ, ಮತ್ತೆ ನೆನೆದು, ಅದು ಬೆಳ್ಳಿಯಂಥ ಬೇರಿನ ತುದಿಯಲ್ಲಿ ಹೊಸ ಹಸಿರು ಮೊನೆಯೊಂದನ್ನು ಹೊರಚಾಚಿದ್ದಿತು! ಅತ್ತೆಗೆ ಫೋನು ಮಾಡಿ ಅಪರಾಧವನ್ನೊಪ್ಪಿಕೊಂಡೆ. ಅವರು ಕೇಳಿದ್ದು ಒಂದೇ ಮಾತು: “ಮಣ್ಣು ಯಾಕೆ ಹಾಕಿದೆಯೋ? ಮರದ ಮೇಲೆ ಅದಕ್ಕೆ ಯಾರು ಮಣ್ಣು ಹೊತ್ತು ಹಾಕಿದ್ದರು?”

ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಅದಕ್ಕಿಂತ ಕಷ್ಟದ ಪ್ರಶ್ನೆ ಮುಂದೆ ಕಾದಿದ್ದಿತು. ಮರಿ ಕಚ್ಚಿಕೊಂಡಿದ್ದ ತೊಗಟೆ ಪುಡಿಯಾಗುತ್ತಿದ್ದಿತು. ಹಲಸಿನ ಮರ ಇನ್ನಿಲ್ಲ. ಆ ವಂಶದ ಗಿಡವಾಗಿ ನನ್ನ ಬಳಿ ಉಳಿದದ್ದು ಈ ಮೂರೆಲೆ. ಅದನ್ನು ಯಾವುದರಲ್ಲಿ ನೆಲೆಗೊಳಿಸಲಿ? ತೋಟಗಾರಿಕೆಯವರು ಇದನ್ನು ‘ಮಾಧ್ಯಮ’ದ ಪ್ರಶ್ನೆ ಎನ್ನುತ್ತಾರೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನ್ನಂಥವನಿಗೆ ಆ ಮಾತು ಕಿವಿಗೆ ಬಿದ್ದರೆ ನೆನಪಾಗುವುದು ಬೇರೆಯೇ ಒಂದು ವಾದ. ಆದರೆ ಆ ವಾದದಲ್ಲಿ ತೋರಿದ ಶ್ರದ್ಧೆಯ ಹತ್ತರಲ್ಲೊಂದಂಶವನ್ನೂ ನಾನು ಗಿಡದ ಮಾಧ್ಯಮಕ್ಕೆ ಕೊಟ್ಟಿರಲಿಲ್ಲ. ಅಂದಿನಿಂದ ಓದಿ, ಕೇಳಿ, ಕೈಯಾರೆ ಮಾಡಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮರವನ್ನುಣ್ಣದ ಅತಿಥಿ

ಮರದ ಮೇಲೆ ಬೆಳೆಯುವ ಗಿಡವನ್ನೆಲ್ಲ ನಮ್ಮಲ್ಲಿ ಬಂದಣಿಕೆಯೆಂದು ದೂರುವುದು ವಾಡಿಕೆ. ಬಂದಣಿಕೆ ಆಶ್ರಯ ಕೊಟ್ಟ ಮರದೊಳಕ್ಕೆ ಬೇರನ್ನಿಳಿಸಿ ಅದರ ರಸವನ್ನೇ ಹೀರುತ್ತದೆ. ಸೀತಾಳೆಯಂಥ ಆರ್ಕಿಡ್ ಹಾಗಲ್ಲ. ಅದು ತೊಗಟೆಯ ಮೇಲೆ ಕುಳಿತುಕೊಳ್ಳುತ್ತದೆಯೇ ಹೊರತು ತೊಗಟೆಯೊಳಗೆ ಕೈಹಾಕುವುದಿಲ್ಲ. ಜಗಲಿಯ ಮೇಲೆ ರಾತ್ರಿ ಕಳೆದು, ಅಡುಗೆಮನೆಗೆ ಕಾಲಿಡದ ಅತಿಥಿಯಂತೆ ಅದರ ನಡವಳಿಕೆ. ಈ ಎರಡರ ಬೆರಕೆ ಬಹು ಹಳೆಯದೆಂದು ತೋರುತ್ತದೆ. ಅಮರಕೋಶವು ‘ವಂದಾ’ ಎಂಬುದಕ್ಕೆ ‘ವೃಕ್ಷಾದನೀ’ ಎಂದೂ ‘ವೃಕ್ಷರುಹಾ’ ಎಂದೂ ಪರ್ಯಾಯಗಳನ್ನು ಒಂದೆಡೆಯಲ್ಲೇ ಕೊಡುತ್ತದೆ. ಮೊದಲನೆಯದು ಮರವನ್ನು ತಿನ್ನುವುದು. ಎರಡನೆಯದು ಮರದ ಮೇಲೆ ಬೆಳೆಯುವುದು. ಆ ‘ವಂದಾ’ ಶಬ್ದವೇ ಮುಂದೆ ಪಾಶ್ಚಾತ್ಯ ಸಸ್ಯಶಾಸ್ತ್ರವನ್ನು ಹೊಕ್ಕು, ಸೀತಾಳೆಯ ದಾಯಾದಿಗಳಾದ ‘ವಂಡಾ’ ಕುಲದ ಆರ್ಕಿಡ್‌ಗಳಿಗೆ ಹೆಸರಾಯಿತು.

ಆರ್ಕಿಡ್ ಮನೆತನ ದೊಡ್ಡದು. ಜಗತ್ತಿನಲ್ಲಿ 25,000ಕ್ಕೂ ಹೆಚ್ಚು ಜಾತಿಗಳುಂಟು. ಭಾರತದಲ್ಲಿ ಸುಮಾರು 1,250. ಸಸ್ಯಶಾಸ್ತ್ರಜ್ಞರು ‘ರಿಂಕೋಸ್ಟೈಲಿಸ್ ರೆಟ್ಯೂಸಾ’ ಎನ್ನುವ ನಮ್ಮ ಸೀತಾಳೆ ಅಸ್ಸಾಮಿನಲ್ಲಿ ‘ಕಪೌ ಫೂಲ್’ ಆಗಿ ಬಿಹು ಹಬ್ಬದ ಹೆಣ್ಣುಮಕ್ಕಳ ಮುಡಿಯೇರುತ್ತದೆ. ಆ ರಾಜ್ಯದ ಪುಷ್ಪವೂ ಅದೇ. ಈ ಮನೆತನದ ಮೂರರಲ್ಲಿ ಎರಡು ಪಾಲಿಗೂ ಮಿಕ್ಕಿದ ಜಾತಿಗಳು ಮರವಾಸಿಗಳು. ಅವುಗಳ ಊಟವಾದರೂ ಏನು? ಮಳೆಯ ನೀರು ಎಲೆಗಳ ಮೇಲಿಂದ, ಕೊಂಬೆಗಳ ಮೇಲಿಂದ ಹರಿದು ಬರುವಾಗ ಕರಗಿಸಿ ತರುವ ಅಲ್ಪಸ್ವಲ್ಪ ಲವಣ, ತೊಗಟೆಯ ಸಂದಿನಲ್ಲಿ ಕೊಳೆತ ಎಲೆಯ ಚೂರು, ಹಕ್ಕಿಯ ಹಿಕ್ಕೆ. ಇಷ್ಟರಲ್ಲೇ ಸಂಸಾರ ನಡೆಸುವ ಗಿಡಕ್ಕೆ ನಾನು ಗೊಬ್ಬರದ ರಾಶಿಯಲ್ಲಿ ಹಾಸಿಗೆ ಹಾಸಿದ್ದೆ!

ಅದರ ಬೇರಿನ ರಚನೆಯನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಮಣ್ಣಿನ ಗಿಡಗಳ ಬೇರು ಎಳೆಯ ರೋಮಗಳಿಂದ ನೀರು ಹೀರುತ್ತದೆ. ಮರವಾಸಿ ಆರ್ಕಿಡಿನ ಬೇರಿಗೆ ಹೊರಗಡೆ ಒಂದು ದಪ್ಪ ಕವಚವುಂಟು. ಅದಕ್ಕೆ ವೆಲಾಮೆನ್ ಎಂದು ಹೆಸರು. ಅದು ಸತ್ತ ಕೋಶಗಳ ಪದರ. ಒಣಗಿದಾಗ ಆ ಕೋಶಗಳಲ್ಲಿ ಗಾಳಿ ತುಂಬಿ ಬೇರು ಬೆಳ್ಳಗೆ ಹೊಳೆಯುತ್ತದೆ. ಮಳೆ ಬಿದ್ದೊಡನೆ, ಕ್ಷಣಗಳಲ್ಲಿ, ಕವಚ ನೀರನ್ನು ಹೀರಿ ಪಾರದರ್ಶಕವಾಗುತ್ತದೆ. ಒಳಗಿನ ಹಸಿರು ಹೊರಗೆ ಕಾಣುತ್ತದೆ. ಹೌದು, ಈ ಬೇರಿಗೆ ಎಲೆಯಂತೆ ಹಸಿರೂ ಉಂಟು. ಬೆಳಕಿನಲ್ಲಿ ಅಷ್ಟಿಷ್ಟು ಆಹಾರವನ್ನು ತಾನೇ ತಯಾರಿಸಿಕೊಳ್ಳಬಲ್ಲದು. ಹೀಗೆ ಬೇಗ ನೆನೆಯುವುದಕ್ಕೂ ಆಮೇಲೆ ನಿಧಾನವಾಗಿ ಒಣಗುವುದಕ್ಕೂ ಹೊಂದಿಕೊಂಡ ಬೇರನ್ನು ಸದಾ ತೇವದಲ್ಲಿ ಹೂತಿಟ್ಟರೆ ಕವಚದ ಗಾಳಿಯ ಮನೆಗಳೆಲ್ಲ ನೀರಿನಿಂದ ತುಂಬಿಹೋಗುತ್ತವೆ.

ಬೇರಿಗೂ ಉಸಿರಾಟವುಂಟೆಂಬುದನ್ನು ನಾವು ಮರೆಯುತ್ತೇವೆ. ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನಿಂತ ನೀರಿನಲ್ಲಿ ಅದು ಸುಮಾರು ಹತ್ತು ಸಾವಿರ ಪಾಲು ನಿಧಾನ. ಆದುದರಿಂದ ನೀರು ನಿಂತ ಕುಂಡದಲ್ಲಿ ಬೇರು ಮೊದಲು ಉಸಿರುಕಟ್ಟಿ ಸಾಯುತ್ತದೆ. ಕೊಳೆತದ ಸೂಕ್ಷ್ಮಜೀವಿಗಳು ಬರುವುದು ಅನಂತರ. ಬೇರು ಸತ್ತ ಗಿಡದ ಎಲೆ ಬಾಡುತ್ತದೆ. ಬಾಡಿದ ಎಲೆ ಕಂಡ ಯಜಮಾನ ನೀರು ಸಾಲದೆಂದು ಇನ್ನೊಂದು ತಂಬಿಗೆ ಸುರಿಯುತ್ತಾನೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇಷ್ಟು ಚೆನ್ನಾಗಿ ಹೊಂದುವ ಸ್ಥಳ ಬೇರೆ ಇರಲಾರದು.

ಗಾಜಿನ ಮನೆಯ ಸಮಾಧಿಗಳು

ಈ ತಪ್ಪು ಮಾಡಿದವನು ನಾನೊಬ್ಬನೇ ಅಲ್ಲವೆಂಬುದು ಇತಿಹಾಸವನ್ನೋದಿದಾಗ ತಿಳಿಯಿತು. ಕೊಂಚ ಸಮಾಧಾನವೂ ಆಯಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಿರಿವಂತರಿಗೆ ಆರ್ಕಿಡಿನ ಹುಚ್ಚು ಹಿಡಿದಿದ್ದಿತು. ಉಷ್ಣದೇಶಗಳ ಕಾಡುಗಳಿಂದ ಹಡಗು ಹಡಗು ಗಿಡಗಳು ಬಂದಿಳಿಯುತ್ತಿದ್ದವು. ಉಷ್ಣದೇಶದ ಗಿಡವೆಂದಮೇಲೆ ಬೆವರುವಷ್ಟು ಸೆಕೆ, ತೊಟ್ಟಿಕ್ಕುವಷ್ಟು ತೇವ, ಕತ್ತಲೆ ಬೇಕೇ ಬೇಕೆಂದು ಅಲ್ಲಿಯವರ ಎಣಿಕೆ. 1830ರ ಸುಮಾರಿನಲ್ಲಿ ಜಾನ್ ಲಿಂಡ್ಲಿಯಂಥ ದೊಡ್ಡ ಸಸ್ಯಶಾಸ್ತ್ರಜ್ಞನೂ ಹೆಚ್ಚು ಸೆಕೆ, ಹೆಚ್ಚು ತೇವವನ್ನೇ ಶಿಫಾರಸು ಮಾಡಿದ್ದನು. ಗಾಳಿಯಾಡದ ಗಾಜಿನ ಮನೆಗಳಲ್ಲಿ ಗಿಡಗಳು ಸಾವಿರಗಟ್ಟಲೆ ಸತ್ತವು. ಸರ್ ಜೋಸೆಫ್ ಬ್ಯಾಂಕ್ಸ್ ಆ ಶತಮಾನದ ಆರಂಭದಲ್ಲೇ ಗಿಡಗಳನ್ನು ಕಡ್ಡಿಯ ಬುಟ್ಟಿಗಳಲ್ಲಿ ಹಾವಸೆಯೊಡನೆ ತೂಗುಹಾಕಿ ಸರಿಯಾದ ದಾರಿಯನ್ನು ಸೂಚಿಸಿದ್ದನು. ಮುಂದೆ ಚಾಟ್ಸ್‌ವರ್ತಿನಲ್ಲಿ ಜೋಸೆಫ್ ಪ್ಯಾಕ್ಸ್ಟನ್ ಸೆಕೆಯನ್ನು ತಗ್ಗಿಸಿ ಗಾಳಿಗೆ ಬಾಗಿಲು ತೆರೆದನು. ಆದರೆ ಹಳೆಯ ಅಭ್ಯಾಸ ಬೇಗ ಹೋಗಲಿಲ್ಲ.

ಈ ಕಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಪುಟ ನಮ್ಮ ದೇಶಕ್ಕೇ ಸೇರಿದ್ದು. 1850ರಲ್ಲಿ ಜೋಸೆಫ್ ಹೂಕರ್ ಖಾಸಿ ಬೆಟ್ಟಗಳಲ್ಲಿ ಸಂಚರಿಸುತ್ತ, ಓಕ್ ಮರಗಳ ತೋಪಿನಲ್ಲಿ ನೀಲಿ ವಂಡಾ ಹೂವನ್ನು ಕಂಡನು. 1854ರಲ್ಲಿ ಪ್ರಕಟವಾದ ತನ್ನ ಹಿಮಾಲಯ ಪ್ರವಾಸದ ಗ್ರಂಥದಲ್ಲಿ ಅವನು ಆ ಜಾಗವನ್ನು ವರ್ಣಿಸಿದ್ದಾನೆ. ಮರಗಳು ಗಿಡ್ಡ, ಎಲೆ ವಿರಳ, ಆದುದರಿಂದ ವಂಡಾ ಬಿಸಿಲು, ಮಳೆ, ಗಾಳಿ ಮೂರಕ್ಕೂ ಮೈಯೊಡ್ಡಿಕೊಂಡಿದ್ದಿತು. ಅದಿದ್ದ ಕೊಂಬೆಯ ಮೇಲೆ ಹಾವಸೆಯೂ ಇರಲಿಲ್ಲ. ಬೇರುಗಳು ಒಣ ಒರಟು ತೊಗಟೆಯ ಮೇಲೆ ಹರಿದಾಡಿದ್ದವು. ಮಳೆಗಾಲದಲ್ಲಿ ತೇವ ವಿಪರೀತ, ನಿಜ. ಆದರೆ ಗಾಳಿ ನಿಲ್ಲುತ್ತಿರಲಿಲ್ಲ. ಇವೆಲ್ಲ ಇಂಗ್ಲೆಂಡಿನಲ್ಲಿ ವಂಡಾ ಬೆಳೆಸುವ ಕ್ರಮಕ್ಕೆ ತೀರ ವಿರುದ್ಧವೆಂದು ಹೂಕರ್ ಸ್ಪಷ್ಟವಾಗಿ ಬರೆದನು.

ಅಷ್ಟು ಬಲ್ಲವನು ಮಾಡಿದ್ದೇನು? ಕ್ಯೂ ತೋಟಕ್ಕೆಂದು ಏಳು ಆಳುಗಳು ಹೊರುವಷ್ಟು ವಂಡಾ ಗಿಡಗಳನ್ನು ಕೀಳಿಸಿದನು. ಜೀವಂತವಾಗಿ ಇಂಗ್ಲೆಂಡನ್ನು ಮುಟ್ಟಿದವು ಕೆಲವೇ. ಜಾಗ ನೋಡಿಕೊಂಡ ಇನ್ನೊಬ್ಬನು ಒಂದು ಆಳು ಹೊರೆಯಷ್ಟನ್ನು ಕಳುಹಿಸಿದನು. ಅದು ಸೊರಗಿದ ಸ್ಥಿತಿಯಲ್ಲಿದ್ದರೂ 300 ಪೌಂಡಿಗೆ ಮಾರಾಟವಾಯಿತೆಂದು ಹೂಕರನೇ ದಾಖಲಿಸಿದ್ದಾನೆ. ಗಿಡದ ನೆಲೆಯನ್ನು ಅಷ್ಟು ಸೂಕ್ಷ್ಮವಾಗಿ ನೋಡಿದ ಕಣ್ಣು, ಅದೇ ಗಿಡವನ್ನು ಆ ನೆಲೆಯಿಂದ ಹೊರೆಗಟ್ಟಲೆ ಕೀಳುವುದರಲ್ಲಿ ಅನೌಚಿತ್ಯವನ್ನು ಕಾಣಲಿಲ್ಲ. ಜ್ಞಾನಕ್ಕೂ ವಿವೇಕಕ್ಕೂ ಇರುವ ಅಂತರ ಅದು.

ಮಾಧ್ಯಮದ ಹುಡುಕಾಟ ಆಮೇಲೂ ನಡೆಯಿತು. ಅಮೆರಿಕೆಯಲ್ಲಿ ಬಹುಕಾಲ ಆಸ್ಮುಂಡಾ ಎಂಬ ಜರೀಗಿಡದ ಬೇರಿನ ನಾರು ಮೆರೆಯಿತು. ಅದು ದುರ್ಲಭವೂ ದುಬಾರಿಯೂ ಆದಾಗ, 1950ರ ದಶಕದಲ್ಲಿ, ಮರದ ಕೈಗಾರಿಕೆಯವರು ಎಸೆಯುತ್ತಿದ್ದ ಫರ್ ಮರದ ತೊಗಟೆಯನ್ನು ಬೆಳೆಗಾರರು ಹಿಡಿದರು. ಬೀಜ ಮೊಳೆಯಿಸುವ ಮಾಧ್ಯಮದ ಕಥೆ ಇನ್ನೂ ಸ್ವಾರಸ್ಯದ್ದು. ಆರ್ಕಿಡಿನ ಬೀಜ ಧೂಳಿನಂಥದು. ಮೊಳಕೆಗೆ ಬೇಕಾದ ಬುತ್ತಿ ಅದರಲ್ಲಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಅದಕ್ಕೆ ಉಣಿಸುತ್ತದೆಂದು 1899ರಲ್ಲಿ ಫ್ರಾನ್ಸಿನ ನೋಯೆಲ್ ಬೆರ್ನಾರ್ ಕಂಡುಹಿಡಿದನು. ಆ ಶಿಲೀಂಧ್ರವಿಲ್ಲದೆಯೂ ಸಕ್ಕರೆ, ಲವಣ ಬೆರೆತ ಅಗರ್ ಪಾಕದಲ್ಲಿ ಬೀಜ ಮೊಳೆಯಬಲ್ಲದೆಂದು 1922ರಲ್ಲಿ ಅಮೆರಿಕೆಯ ಲೂಯಿಸ್ ನಡ್ಸನ್ ತೋರಿಸಿದನು. ಇಂದು ಅಂಗಡಿಯಲ್ಲಿ ಸಿಕ್ಕುವ ಲಕ್ಷಾಂತರ ಆರ್ಕಿಡ್‌ಗಳು ಕಾಡನ್ನು ಕಾಣದೆ ಗಾಜಿನ ಸೀಸೆಯಲ್ಲಿ ಕಣ್ಣುಬಿಟ್ಟವು.

ಕುಂಡದೊಳಗಿನ ಲೆಕ್ಕ

ಹಾಗಾದರೆ ಕುಂಡದಲ್ಲಿ ನಾವು ತುಂಬುವ ವಸ್ತುವಿನ ಕೆಲಸವೇನು? ಮೊದಲನೆಯದಾಗಿ, ಗಿಡವನ್ನು ಅಲುಗದಂತೆ ಹಿಡಿಯುವುದು. ಎರಡನೆಯದಾಗಿ, ತೇವವನ್ನು ಕೊಂಚಕಾಲ ಕಾದಿಟ್ಟು ಬಿಟ್ಟುಕೊಡುವುದು. ಮೂರನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ತುಂಡು ತುಂಡುಗಳ ನಡುವೆ ಗಾಳಿಗೆ ಎಡೆ ಉಳಿಸುವುದು. ಊಟ ಕೊಡುವುದು ಅದರ ಕೆಲಸವಲ್ಲ. ಊಟವನ್ನು ತೆಳುವಾಗಿ ಕದಡಿದ ಗೊಬ್ಬರದ ನೀರಾಗಿ ನಾವೇ ಕೊಡಬೇಕು. ಆದುದರಿಂದ ಮಾಧ್ಯಮವನ್ನು ಕೊಳ್ಳುವವನು ತುಂಡುಗಳನ್ನಷ್ಟೇ ಅಲ್ಲ, ಅವುಗಳ ನಡುವಿನ ಸಂದನ್ನೂ ಕೊಳ್ಳುತ್ತಿದ್ದಾನೆಂದು ತಿಳಿಯಬೇಕು.

ಇಲ್ಲೊಂದು ಭೌತಶಾಸ್ತ್ರದ ಸೂಕ್ಷ್ಮವುಂಟು. ನೀರೆರೆದ ಕುಂಡದ ತಳದ ರಂಧ್ರದಿಂದ ನೀರೆಲ್ಲ ಸೋರಿತೆಂದು ನಾವು ಭಾವಿಸುತ್ತೇವೆ. ಹಾಗಾಗುವುದಿಲ್ಲ. ನುಣುಪಾದ ಪುಡಿಯಲ್ಲಿ ಕಿರಿದಾದ ಸಂದುಗಳು ನೀರನ್ನು ಬತ್ತಿಯಂತೆ ಎತ್ತಿ ಹಿಡಿದು, ತಳದಲ್ಲಿ ಪೂರ್ತಿ ನೆನೆದ ಪದರವೊಂದನ್ನು ಉಳಿಸಿಕೊಳ್ಳುತ್ತವೆ. ಪುಡಿ ನುಣುಪಾದಷ್ಟೂ ಆ ಪದರ ಎತ್ತರ. ತುಂಡು ದಪ್ಪವಾದಷ್ಟೂ ತೆಳು. ಪುಡಿಮಣ್ಣಿನ ಕೆಳಗೆ ಜಲ್ಲಿ ಹಾಕಿದರೆ ಈ ದೋಷ ನೀಗುವುದಿಲ್ಲ. ಪದರ ಜಲ್ಲಿಯ ಮೇಲಕ್ಕೆ ಏರಿ ಕುಳಿತುಕೊಳ್ಳುತ್ತದೆ, ಅಷ್ಟೆ. ಕುಂಡದಲ್ಲಿ ಮೇಲಿಂದ ಕೆಳಗಿನವರೆಗೂ ದಪ್ಪ ತುಂಡುಗಳೇ ಇರಬೇಕೆಂದು ಬಲ್ಲವರು ಹೇಳುವುದು ಈ ಕಾರಣಕ್ಕೆ.

ಇನ್ನು ಒಂದೊಂದೇ ಪದಾರ್ಥವನ್ನು ನೋಡೋಣ. ನಮ್ಮ ಊರುಗಳಲ್ಲಿ ಸುಲಭವಾಗಿ ಸಿಕ್ಕುವವು ಇದ್ದಿಲು ಮತ್ತು ಇಟ್ಟಿಗೆಯ ಚೂರು. ಕಟ್ಟಿಗೆಯ ಇದ್ದಿಲು ಹಗುರ, ಸುಲಭಕ್ಕೆ ಕೊಳೆಯುವುದಿಲ್ಲ, ಗಾಳಿಗೆ ಯಥೇಚ್ಛ ಎಡೆ ಕೊಡುತ್ತದೆ. ಆದರೆ ಗೊಬ್ಬರದ ಉಪ್ಪು ಅದರಲ್ಲಿ ಕೂಡಿಕೊಳ್ಳುವುದರಿಂದ ಆಗಾಗ ಬರಿಯ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಚೆನ್ನಾಗಿ ಸುಟ್ಟ ಇಟ್ಟಿಗೆಯ ಚೂರು ಭಾರವಾದುದರಿಂದ ಕುಂಡವನ್ನು ಗಾಳಿಗೆ ಉರುಳದಂತೆ ಹಿಡಿಯುತ್ತದೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಧೂಳು ತೊಳೆದು ಬಳಸುವುದು ಲೇಸು. ಸಿಮೆಂಟು ಮೆತ್ತಿದ ಚೂರುಗಳು ಬೇಡ. ಅವುಗಳ ಸುಣ್ಣ ಬೇರಿಗೆ ಹಿಡಿಸದು.

ಮೂರನೆಯದು ತೆಂಗಿನ ಸಿಪ್ಪೆ. ಕಲ್ಪವೃಕ್ಷದ ನಾಡಿನಲ್ಲಿ ಇದಕ್ಕೇನು ಬರ? ಸಿಪ್ಪೆಯನ್ನು ಹೆಬ್ಬೆರಳ ಗಾತ್ರದ ತುಂಡುಗಳಾಗಿ ಕತ್ತರಿಸಿದರೆ ನೀರನ್ನೂ ಹಿಡಿಯುತ್ತದೆ, ಸಂದನ್ನೂ ಬಿಡುತ್ತದೆ. ಆದರೆ ಹಸಿ ಸಿಪ್ಪೆಯಲ್ಲಿ ಉಪ್ಪಿನಂಶವೂ ಕಂದುರಸವೂ ಇರುತ್ತವೆ. ನೀರು ಬದಲಿಸುತ್ತ ಹಲವು ದಿನ ನೆನೆಸಿ, ಬಣ್ಣ ಬಿಡುವುದು ನಿಂತಮೇಲೆ ಬಳಸಬೇಕು. ಸಿಪ್ಪೆಯ ಹುಡಿ ಮಾತ್ರ ಮರವಾಸಿಗಳಿಗೆ ಸಲ್ಲದು. ಅದು ಬೇರನ್ನು ಮುಚ್ಚಿ ಕೆಸರಿನಂತಾಗುತ್ತದೆ.

ನಾಲ್ಕನೆಯದು ಪೈನ್, ಫರ್ ಮರಗಳ ತೊಗಟೆ. ಹೊರದೇಶಗಳಲ್ಲಿ ಇದೇ ಇಂದಿನ ಸಾಮಾನ್ಯ ಪದ್ಧತಿ. ಹೊಸದರಲ್ಲಿ ಬೇಗ ನೀರು ಹಿಡಿಯುವುದಿಲ್ಲ. ಹಳತಾದಂತೆ ಹೆಚ್ಚು ಹಿಡಿಯುತ್ತದೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಸಾರಜನಕವನ್ನು ತಾವೇ ಬಳಸಿಕೊಳ್ಳುವುದರಿಂದ ಗಿಡದ ಎಲೆ ಬಿಳಿಚಿಕೊಳ್ಳಬಹುದು. ಗೊಬ್ಬರ ಕೊಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡು ಮೂರು ವರ್ಷಗಳಲ್ಲಿ ತೊಗಟೆ ಪುಡಿಯಾಗಿ ಸಂದುಗಳು ಮುಚ್ಚುತ್ತವೆ. ಆಗ ಬದಲಿಸದಿದ್ದರೆ, ಮಾಧ್ಯಮ ಅದೇ ಇದ್ದರೂ ಗುಣ ಅದೇ ಇರುವುದಿಲ್ಲ.

ಐದನೆಯದು ಸ್ಫ್ಯಾಗ್ನಮ್ ಎಂಬ ಜೌಗು ಹಾವಸೆ. ಒಣಗಿದ ಈ ಹಾವಸೆ ತನ್ನ ತೂಕದ ಹದಿನೈದು ಇಪ್ಪತ್ತು ಪಾಲು ನೀರನ್ನು ಕುಡಿಯಬಲ್ಲದು. ಸೊರಗಿದ ಗಿಡಕ್ಕೆ, ಎಳೆಯ ಸಸಿಗೆ ಇದು ತಾಯಿಮಡಿಲು. ಆದರೆ ಕುಂಡದಲ್ಲಿ ಒತ್ತಿ ತುಂಬಿದರೆ ಅದೇ ನೀರಿನ ಗೋರಿ. ಅಂಗಡಿಯಿಂದ ಬಂದ ಫೆಲನಾಪ್ಸಿಸ್ ಗಿಡಗಳು, ಎಂದರೆ ಪತಂಗದಾಕಾರದ ಹೂವಿನ ಆರ್ಕಿಡ್‌ಗಳು, ಅನೇಕ ವೇಳೆ ಈ ಹಾವಸೆಯಲ್ಲೇ ಬಿಗಿಯಾಗಿ ಕುಳಿತಿರುತ್ತವೆ. ಬೆಳೆಗಾರನ ಲೆಕ್ಕದ ನೀರಿನಲ್ಲಿ ಅವು ಬಾಳಿದ್ದವು. ನಮ್ಮ ಅಕ್ಕರೆಯ ನೀರಿನಲ್ಲಿ ಬಾಳುವುದು ಕಷ್ಟ.

ಊರು, ಗಿಡ, ಕೈ

ಇವುಗಳಲ್ಲಿ ಯಾವುದು ಶ್ರೇಷ್ಠವೆಂದು ಕೇಳಿದರೆ ಉತ್ತರವಿಲ್ಲ. ಯಾರಿಗೆ, ಎಲ್ಲಿ ಎಂದು ಕೇಳಬೇಕು. ಮೊದಲು ಗಿಡವನ್ನು ನೋಡಿ. ವಂಡಾ, ಸೀತಾಳೆಗಳ ದಪ್ಪ ಬೇರಿಗೆ ಮರದ ಪಟ್ಟಿಯ ತೂಗುಬುಟ್ಟಿಯೇ ಸಾಕು. ಅದರಲ್ಲಿ ನಾಲ್ಕಾರು ತುಂಡು ಇದ್ದಿಲಿದ್ದರೆ ಆಯಿತು, ಇಲ್ಲದಿದ್ದರೂ ನಡೆಯುತ್ತದೆ. ಡೆಂಡ್ರೋಬಿಯಂಗಳಿಗೆ ಕಿರಿಯ ಕುಂಡ, ದಪ್ಪ ತುಂಡುಗಳು. ಫೆಲನಾಪ್ಸಿಸ್ಸಿಗೆ ಕೊಂಚ ಹೆಚ್ಚು ತೇವ: ತೊಗಟೆ ಅಥವಾ ಸಿಪ್ಪೆಯೊಡನೆ ಇದ್ದಿಲು. ಸಿಂಬಿಡಿಯಂ, ಪಾದರಕ್ಷೆಯಾಕಾರದ ಹೂವಿನ ಪ್ಯಾಫಿಯೋಪೆಡಿಲಂಗಳಲ್ಲಿ ಹಲವು ನೆಲದ ಮೇಲಿನ ಎಲೆರಾಶಿಯಲ್ಲಿ ಬೆಳೆಯುವಂಥವು. ಅವಕ್ಕೆ ಸಣ್ಣ ತುಂಡಿನ, ತೇವ ಆರದ ಮಿಶ್ರಣ ಬೇಕು.

ಎರಡನೆಯದಾಗಿ ಊರನ್ನು ನೋಡಿ. ಮಂಗಳೂರು, ಉಡುಪಿಗಳ ಕರಾವಳಿಯಲ್ಲಿ ಗಾಳಿಯೇ ಒದ್ದೆ ಬಟ್ಟೆಯಂತಿರುತ್ತದೆ. ಮಲೆನಾಡಿನ ಮಳೆಗಾಲದ ಮಾತನ್ನು ಹೇಳಬೇಕಾಗಿಯೇ ಇಲ್ಲ. ಅಲ್ಲಿ ಇದ್ದಿಲು, ಇಟ್ಟಿಗೆಗಳು ಸಾಕು. ಸಿಪ್ಪೆ, ಹಾವಸೆಗಳನ್ನು ತುಂಬಿ ಮಳೆಗೊಡ್ಡಿದರೆ ಗಿಡ ಉಳಿಯದು. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಬರಿಯ ಇದ್ದಿಲಿನಲ್ಲಿಟ್ಟ ಬೇರು ಮಧ್ಯಾಹ್ನದೊಳಗೆ ಸುರುಟಿಕೊಳ್ಳುತ್ತದೆ; ಅಲ್ಲಿ ಸಿಪ್ಪೆಯ ಪಾಲು ಹೆಚ್ಚಬೇಕು, ನೆರಳೂ ಬೇಕು. ಬೆಂಗಳೂರು ಇವೆರಡರ ನಡುವೆ: ಮಳೆಯ ತಿಂಗಳುಗಳಲ್ಲಿ ಮಲೆನಾಡಿನ ನೆಂಟ, ಫೆಬ್ರವರಿಯಿಂದ ಏಪ್ರಿಲಿನವರೆಗೆ ಬಯಲುಸೀಮೆಯ ಮಗ.

ಮೂರನೆಯದು, ಪುಸ್ತಕಗಳು ಅಷ್ಟಾಗಿ ಹೇಳದ್ದು: ನಿಮ್ಮ ಕೈಯನ್ನು ನೀವೇ ನೋಡಿಕೊಳ್ಳಿ. ನಿಮ್ಮದು ದಿನಕ್ಕೆ ಮೂರು ಸಲ ಗಿಡದ ಬಳಿ ಸುಳಿಯುವ, ಸುಳಿದಾಗಲೆಲ್ಲ ಚೊಂಬು ಬಾಗಿಸುವ ಕೈಯೇ? ಹಾಗಾದರೆ ನೀರು ನಿಲ್ಲದ ಇದ್ದಿಲೇ ನಿಮಗೆ ಗತಿ. ನಾಲ್ಕು ದಿನ ಊರಿಗೆ ಹೋಗಿ ಮರೆತುಬಿಡುವ ಕೈಯೇ? ಸಿಪ್ಪೆ, ತೊಗಟೆ ನಿಮ್ಮ ಮರೆವನ್ನು ಕ್ಷಮಿಸಬಲ್ಲವು. ಕೈಗುಣವೆಂದು ನಾವು ಹೊಗಳುವುದು ಬಹುಮಟ್ಟಿಗೆ ಇದನ್ನೇ: ತನ್ನ ಸ್ವಭಾವವನ್ನು ತಾನರಿತು ಅದಕ್ಕೆ ತಕ್ಕ ಮಾಧ್ಯಮವನ್ನು ಆರಿಸಿಕೊಂಡವನ ಕೈ ಗುಣವಂತ. ಇನ್ನು ಕುಂಡದ ಗಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮಗೆ ಹೇಳಿದ ನೀತಿ. ಆರ್ಕಿಡಿಗೆ ಅದು ತಲೆಕೆಳಗು. ಕಾಲಿದ್ದಷ್ಟೇ ಹಾಸಿಗೆ ಹಾಸಬೇಕು. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಾಧ್ಯಮವೆಲ್ಲ ಆರದ ತೇವವಾಗಿ ಉಳಿಯುತ್ತದೆ.

ನೆಲೆ ಯಾರದು?

ಆರನೆಯ ಪದಾರ್ಥವೊಂದನ್ನು ನಾನು ಬೇಕೆಂದೇ ಕೊನೆಗಿಟ್ಟೆ. ಮರಜರೀಗಿಡದ ಕಾಂಡದ ಕಪ್ಪು ನಾರು ಆರ್ಕಿಡಿಗೆ ಬಹಳ ಒಗ್ಗುತ್ತದೆ, ಬಹುಕಾಲ ಬಾಳುತ್ತದೆ. ಆದರೆ ಆ ನಾರನ್ನು ತೆಗೆಯಬೇಕಾದರೆ ನಿಧಾನವಾಗಿ ಬೆಳೆದ ಮರಜರೀಗಿಡವೊಂದನ್ನು ಕಡಿಯಬೇಕು. 1975ರಲ್ಲಿ ಜಾರಿಗೆ ಬಂದ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ‘ಸೈಟಿಸ್’ ಇಂದು ಸಯಾಥಿಯಾ ಎಂಬ ಮರಜರೀಗಿಡಗಳ ಮಾರಾಟವನ್ನೂ ಇಡಿಯ ಆರ್ಕಿಡ್ ಮನೆತನದ ಮಾರಾಟವನ್ನೂ ಹತೋಟಿಯಲ್ಲಿಟ್ಟಿದೆ. ಒಂದು ಗಿಡಕ್ಕೆ ಮನೆ ಕಟ್ಟಲು ಇನ್ನೊಂದನ್ನು ಕೊಲ್ಲುವುದರಲ್ಲಿ ಅರ್ಥವೇನು? ಹಾವಸೆಯ ಮಾತೂ ಹೀಗೆಯೇ. ಅದು ನ್ಯೂಜಿಲೆಂಡ್, ಚಿಲಿಗಳ ಜೌಗುಗಳಿಂದ ಸಮುದ್ರ ದಾಟಿ ಬರುತ್ತದೆ. ಕಿತ್ತ ಜೌಗು ಮತ್ತೆ ತುಂಬಿಕೊಳ್ಳಲು ವರ್ಷಗಳು ಬೇಕು. ನಮ್ಮ ಹಿತ್ತಲಿನಲ್ಲಿ ತೆಂಗಿನ ಸಿಪ್ಪೆ ಬೆಂಕಿಗೆ ಬೀಳುತ್ತಿರುವಾಗ ಅದನ್ನು ಹಿಡಿಹಿಡಿಯಾಗಿ ಬಳಸುವುದು ಸಲ್ಲದು.

ಗಿಡದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಹೂಕರನ ಹೊರೆಯ ನೀಲಿ ವಂಡಾ, ಕೆಂಪು ವಂಡಾ, ಪ್ಯಾಫಿಯೋಪೆಡಿಲಂಗಳನ್ನು ಕಾಡಿನಿಂದ ಕೀಳುವುದನ್ನು ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಾದ ತಿದ್ದುಪಡಿ ನಿಷೇಧಿಸಿತು. ಪಟ್ಟಿಯಲ್ಲಿ ಹೆಸರಿಲ್ಲದ ಗಿಡವನ್ನು ಕಾಡಿನಿಂದ ಕಿತ್ತು ತರುವುದೂ ಒಪ್ಪತಕ್ಕದ್ದಲ್ಲ. ಬಿದ್ದ ಮರದ ಗಿಡವನ್ನು ಪಕ್ಕದ ಮರಕ್ಕೆ ಕಟ್ಟಿಬಿಡುವುದೇ ಎಲ್ಲಕ್ಕಿಂತ ಒಳ್ಳೆಯ ಮಾಧ್ಯಮ. ನಮ್ಮ ಹಲಸಿನ ಉಳಿದ ಕವಲುಗಳಲ್ಲಿದ್ದ ಗಿಡಗಳನ್ನು ಅತ್ತೆ ಹಾಗೆಯೇ ಹಿತ್ತಲಿನ ಮಾವಿನ ಮರಕ್ಕೆ ಬಾಳೆಯ ನಾರಿನಿಂದ ಕಟ್ಟಿಸಿದ್ದರಂತೆ. ಅದನ್ನು ನನಗೆ ಅವರು ಹೇಳಿದ್ದು ಮರುವರ್ಷ. ವಂಶ ಉಳಿಸುವ ಭಾರವೆಲ್ಲ ನನ್ನ ಮೇಲಿದೆಯೆಂದು ನಾನು ಒಂದು ವರ್ಷ ಹೊತ್ತುಕೊಂಡಿದ್ದ ಚಿಂತೆಗೆ ಅವರು ನಕ್ಕರು.

ಮೂರೆಲೆಯ ಮರಿಯ ಕಥೆ ಹೇಳಿ ಮುಗಿಸುತ್ತೇನೆ. ಹಲವು ಮಿಶ್ರಣಗಳನ್ನು ಮನಸ್ಸಿನಲ್ಲೇ ಕಲಸಿ, ಕೊನೆಗೆ ಹಳೆಯ ಬಾಗಿಲಿನ ತೇಗದ ಪಟ್ಟಿಗಳಿಂದ ಅಂಗೈಯಗಲದ ಬುಟ್ಟಿ ಮಾಡಿಸಿದೆ. ಅದರಲ್ಲಿ 6 ತುಂಡು ಇದ್ದಿಲು, ತೊಳೆದ ತೆಂಗಿನ ಸಿಪ್ಪೆಯ ಎರಡು ತುಂಡು. ಬೇರನ್ನು ಕದಲಿಸಿದರೆ ಈ ಗಿಡ ಬಹುಕಾಲ ಮುನಿಸಿಕೊಳ್ಳುತ್ತದೆಂದು ಓದಿದ್ದೆನಾದ್ದರಿಂದ ಹಲಸಿನ ತೊಗಟೆಯ ಚೂರನ್ನು ಬಿಡಿಸದೆ ಹಾಗೆಯೇ ಇಟ್ಟೆ. ಬೆಳಿಗ್ಗೆ ಒಮ್ಮೆ ನೀರು. ಬೇರು ಬೆಳ್ಳಗಾಗುವವರೆಗೆ ಮತ್ತೆ ಇಲ್ಲ. ಮೊದಲ ವರ್ಷ ಅದು ಮಾತಾಡಲಿಲ್ಲ. ಎರಡನೆಯ ವರ್ಷ ಎರಡು ಎಲೆ. ಈಗ ಎಲೆಗಳು ಏಳು. ಹೂ ಇನ್ನೂ ಬಂದಿಲ್ಲ.

ಆದರೆ ಈ ಮಳೆಗಾಲದಲ್ಲಿ ಒಂದು ವಿಚಿತ್ರ ನಡೆದಿದೆ. ಅಷ್ಟು ಆಲೋಚಿಸಿ ನಾನು ತುಂಬಿದ ಇದ್ದಿಲನ್ನು ಮುಟ್ಟಿಯೂ ನೋಡದೆ, ಹೊಸ ಬೇರೊಂದು ಪಟ್ಟಿಗಳ ಸಂದಿನಿಂದ ಹೊರಬಂದು, ಗಾಳಿಯಲ್ಲಿ ಗೇಣಷ್ಟು ದೂರ ತೂಗಾಡಿ, ಕಿಟಕಿಯ ಸರಳನ್ನು ಹಿಡಿದುಕೊಂಡಿದೆ. ಮೊದಲು ನಾನು ಮರೆತು ಕಟ್ಟಿದ್ದ ಅದೇ ಸರಳು. ಫೋನಿನಲ್ಲಿ ಹೇಳಿದಾಗ ಅತ್ತೆ, “ಬಿಡಿಸಬೇಡ, ಹಾಗೇ ಇರಲಿ. ಕಿಟಕಿ ಬಣ್ಣ ಹೊಡೆಸುವಾಗ ಮಾತ್ರ ಆ ಸರಳು ಬಿಡಿಸಿ ಹೊಡೆಸು” ಅಂದರು.

ಹಾಗೆಯೇ ಮಾಡುವುದೆಂದು ನಿಶ್ಚಯಿಸಿದ್ದೇನೆ.